ಕೃಂಬಿಗಲ್ ಮತ್ತು ಬೆಂಗಳೂರಿನ ಬೇಸಗೆ

ಬೇಸಗೆಯೆಂದರೆ ಬಯಲು ಸೀಮೆಯ ಬಹುತೇಕ ಊರುಗಳಿಗೆ ಬಣ್ಣಗೆಡುವ ಕಾಲ. ಬೆಂಗಳೂರಿಗೆ ಮಾತ್ರ ಅದು ಹೂವಿನ ಕಾಲ. ಫಾಲ್ಗುಣ ಚೈತ್ರಗಳಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ, ಯಶವಂತಪುರದಿಂದ ಲಾಲ್‌ಬಾಗಿನವರೆಗೆ ನಡೆದುಹೋಗುವವನು ಎಲೆಯಿಲ್ಲದ ಕೊಂಬೆಗಳ ತುಂಬ ಹೂವನ್ನೇ ಕಾಣುತ್ತಾನೆ. ಇದು ಪ್ರಕೃತಿ ತಾನಾಗಿ ಕೊಟ್ಟ ವರವಲ್ಲ; ಬುದ್ಧಿಪೂರ್ವಕವಾಗಿ ಯೋಚಿಸಿ, ಹೊಂಡ ತೋಡಿಸಿ, ನೀರೆರೆಸಿ ಗಳಿಸಿದ ಸಂಪತ್ತು. ಆ ಯೋಚನೆಯ ಹಿಂದೆ ನಿಂತವರಲ್ಲಿ ಪ್ರಮುಖರು ಜರ್ಮನಿಯಿಂದ ಬಂದು ಈ ಊರಿನವರೇ ಆಗಿಹೋದ ಗುಸ್ಟಾಫ್ ಹರ್ಮನ್ ಕೃಂಬಿಗಲ್.

ಅವರು ಹುಟ್ಟಿದ್ದು 1865ರಲ್ಲಿ, ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯನ್ನು ಕ್ರಮವಾಗಿ ಕಲಿತು, ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಜಗತ್ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದರು. ಭೂಮಂಡಲದ ನಾನಾ ಮೂಲೆಗಳ ಗಿಡಮರಗಳು ಒಂದೇ ಬೇಲಿಯೊಳಗೆ ಬಾಳುವ ಸ್ಥಳ ಕ್ಯೂ. ಯಾವ ಸಸ್ಯ ಎಂಥ ಮಣ್ಣನ್ನು, ಎಷ್ಟು ಬಿಸಿಲನ್ನು ಬೇಡುತ್ತದೆಂಬ ವಿವೇಕಕ್ಕೆ ಅದಕ್ಕಿಂತ ಮಿಗಿಲಾದ ಪಾಠಶಾಲೆ ಆಗ ಇರಲಿಲ್ಲ. 1893ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಉದ್ಯಾನಗಳ ಹೊಣೆ ಹೊತ್ತು ಅವರು ಭಾರತಕ್ಕೆ ಬಂದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು.

ಅವರಿಗೆ ದೊರೆತದ್ದು ಬರಿಯ ನೆಲವಲ್ಲ. ಹೈದರಾಲಿ ಆರಂಭಿಸಿದ ತೋಟ, ಟಿಪ್ಪು ಬೆಳೆಸಿದ ತೋಟ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವೆನಿಸಿದ ತೋಟ ಅದು. ಅವರ ಹಿಂದಿನ ಅಧಿಕಾರಿ ಜಾನ್ ಕ್ಯಾಮರಾನ್ ಮೂವತ್ತಕ್ಕೂ ಮಿಕ್ಕ ವರ್ಷ ಅಲ್ಲಿ ದುಡಿದು, ಗಾಜಿನ ಮನೆ ಏಳುವುದನ್ನು ಕಂಡು, ಅನೇಕ ಹೊಸ ಸಸ್ಯಗಳನ್ನು ತರಿಸಿದ್ದರು. ಇಂಥ ಪರಂಪರೆಗೆ ವಾರಸುದಾರನಾದವನು ಇದ್ದುದನ್ನು ಕಾಯ್ದುಕೊಂಡು ಬಂದರೂ ಸಾಕಿತ್ತು. ಕೃಂಬಿಗಲ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ತೋಟವೆಂಬುದು ಗೋಡೆಯೊಳಗಿನ ವಿಲಾಸವಲ್ಲ, ಊರೇ ಒಂದು ತೋಟವಾಗಬೇಕು ಎಂಬುದು ಅವರ ನಡೆಯಲ್ಲೆಲ್ಲ ಕಾಣುವ ನಿಲುವು. ವಿದೇಶದ ಸಸ್ಯೋದ್ಯಾನಗಳೊಡನೆ ಬೀಜಗಳ ವಿನಿಮಯ ನಡೆಸಿದರು. ಬಂದ ಬೀಜಗಳನ್ನು ಲಾಲ್‌ಬಾಗಿನಲ್ಲಿ ಪರೀಕ್ಷಿಸಿ, ಒಗ್ಗಿದವನ್ನು ಬೀದಿಗೆ ಇಳಿಸಿದರು.

ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಯೋಜನೆ ಸರದಿಯ ಹೂವಿನದು. ಒಂದು ಮರದ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು. ಇದರೊಳಗೆ ಒಂದು ಸೂಕ್ಷ್ಮವಿದೆ. ಜಕರಂಡದ ತವರು ದಕ್ಷಿಣ ಅಮೆರಿಕ; ಕೆಂಪು ತುರಾಯಿಯ ತವರು ಮಡಗಾಸ್ಕರ್. ಮಳೆಗಾಲ ಬೇರೆ, ಒಣಗಾಲ ಬೇರೆಯಾಗಿ ಹಂಚಿಹೋದ ನಾಡುಗಳವು. ಅಲ್ಲಿನ ಮರಗಳು ಒಣಗಾಲದಲ್ಲಿ ನೀರನ್ನು ಉಳಿಸಲೆಂದು ಎಲೆ ಕಳಚಿ, ಆ ಬೋಳು ಕೊಂಬೆಯ ಮೇಲೆಯೇ ಹೂ ಬಿಡಬಲ್ಲವು. ನಮ್ಮ ಕಕ್ಕೆಯ ಸ್ವಭಾವವೂ ಇದೇ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿರುವ, ಕೆಂಪು ಮಣ್ಣಿನ ಬೆಂಗಳೂರು ಇವುಗಳಿಗೆ ಎರಡನೆಯ ತವರಾಯಿತು. ಬೇಸಗೆಯೊಡನೆ ಹೋರಾಡುವ ಗಿಡಕ್ಕಿಂತ ಬೇಸಗೆಯನ್ನು ಅರಿತ ಗಿಡವನ್ನು ಆರಿಸುವುದು ಮೇಲು: ತೋಟದ ವಿದ್ಯೆಯ ತಿರುಳೇ ಇದು.

ಮನೆಯ ಹಿತ್ತಲಿಗೂ ಈ ಮಾತು ಸಲ್ಲುತ್ತದೆ. ಬೇಸಗೆಯ ಮಡಿಗಳಿಗೆ ಕೋಸು, ಗಜ್ಜರಿಗಳಿಗಿಂತ ಬೆಂಡೆ, ಹೀರೆ, ಹರಿವೆ, ಅಲಸಂದೆಗಳು ಒಪ್ಪುತ್ತವೆ. ಮರ ನೆಡುವವರು ಹೊಂಡವನ್ನು ಬಿಸಿಲಿನ ದಿನಗಳಲ್ಲಿಯೇ ತೋಡಿ, ಮಣ್ಣನ್ನು ಕೆಲವು ವಾರ ಕಾಯಲು ಬಿಟ್ಟು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಅಶ್ವಿನಿ, ಭರಣಿಗಳ ಹದ ಹೊಂಡಕ್ಕೆ ಇಳಿದ ಮೇಲೆ ಮೃಗಶಿರೆಯ ಹೊತ್ತಿಗೆ ಸಸಿಯಿಡುವುದು ಕ್ಷೇಮ. ನೀರು ಮುಂಜಾನೆ ಇಲ್ಲವೇ ಸಂಜೆ ಸಲ್ಲಬೇಕು. ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬ ಉಣಿಸಿದರೆ ನೆಟ್ಟ ಮರದ ಬೇರು ಆಳಕ್ಕೆ ಇಳಿಯುತ್ತದೆ. ಬುಡಕ್ಕೆ ತರಗೆಲೆಯ ಹೊದಿಕೆ, ಎಳೆಯ ಸಸಿಗೆ ಹೊಂಗೆಯ ಸೊಪ್ಪಿನ ಅಥವಾ ತೆಂಗಿನ ಗರಿಯ ನೆರಳು ಬೇಕು. ಮೊದಲ ಎರಡು ಬೇಸಗೆಗಳನ್ನು ದಾಟಿಸಿದ ಮರ ಮುಂದೆ ನಮ್ಮನ್ನು ಕೇಳುವುದು ಬಹಳ ಕಡಿಮೆ.

ಕೃಂಬಿಗಲ್ ಅವರ ಕೆಲಸ ಲಾಲ್‌ಬಾಗಿಗೆ ಸೀಮಿತವಾಗಲಿಲ್ಲ. ಕೃಷ್ಣರಾಜಸಾಗರದ ಕೆಳಗಿನ ಬೃಂದಾವನ ಉದ್ಯಾನದ ರಚನೆಯಲ್ಲಿ ಸರ್ ಮಿರ್ಜಾ ಇಸ್ಮಾಯಿಲರ ಆಸೆಗೆ ಅವರ ಕಲ್ಪನೆ ಜೊತೆಯಾಯಿತು. ಇದೇ ಕಾಲದಲ್ಲಿ ನಗರದ ಉತ್ತರಕ್ಕೆ ಹೆಬ್ಬಾಳದಲ್ಲಿ ಕೆನಡಾದಿಂದ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಬೇಸಾಯದ ಪ್ರಯೋಗಗಳನ್ನು ಬೆಳೆಸುತ್ತಿದ್ದರು. ಒಬ್ಬರ ಗಮನ ರಾಗಿಯ ಹೊಲದ ಮೇಲೆ, ಒಬ್ಬರದು ಬೀದಿಯ ನೆರಳಿನ ಮೇಲೆ. ಹೊರಗಿನಿಂದ ಬಂದ ಇಬ್ಬರೂ ಈ ನಾಡಿನ ಮಣ್ಣನ್ನು ತಮ್ಮದೆಂದೇ ಬಗೆದರು.

1932ರಲ್ಲಿ ನಿವೃತ್ತರಾದಾಗ ಲಾಲ್‌ಬಾಗಿನ ಹೊಣೆ ಎಚ್. ಸಿ. ಜವರಾಯರ ಕೈಗೆ ಬಂದಿತು. ಕೃಂಬಿಗಲ್ ಬೆಂಗಳೂರನ್ನು ಬಿಟ್ಟು ಹೋಗಲಿಲ್ಲ. ಆದರೆ ಎರಡನೆಯ ಮಹಾಯುದ್ಧ ಬಂದಾಗ, ಹುಟ್ಟಿನಿಂದ ಜರ್ಮನರೆಂಬ ಒಂದೇ ಕಾರಣಕ್ಕೆ, ಅವರು ಶತ್ರುಪ್ರಜೆಯೆನಿಸಿ ಕೆಲಕಾಲ ಬಂಧನದಲ್ಲಿರಬೇಕಾಯಿತು. ಎಪ್ಪತ್ತು ದಾಟಿದ ವೃದ್ಧ. ಆತ ನೆಡಿಸಿದ ಸಾಲುಮರಗಳ ಕೆಳಗೆ ಸೈನಿಕರೂ ಅಧಿಕಾರಿಗಳೂ ತಂಪಾಗಿ ನಡೆಯುತ್ತಿದ್ದರು. ಮನುಷ್ಯರ ಕಡತಗಳು ಜನ್ಮಸ್ಥಳವನ್ನು ಕೇಳುತ್ತವೆ, ನೆರಳು ಕೇಳುವುದಿಲ್ಲ. ಬಿಡುಗಡೆಯಾದ ಮೇಲೆಯೂ ಅವರು ಇಲ್ಲಿಯೇ ಬಾಳಿ 1956ರಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಇಂದು ಕಾಣುವ ಮರಗಳೆಲ್ಲ ಅವರವೇ ಎಂದರೆ ಅತಿಶಯೋಕ್ತಿಯಾದೀತು. ಅವರ ಬಳಿಕ ಜವರಾಯರು, ಡಾಕ್ಟರ್ ಎಂ. ಎಚ್. ಮರೀಗೌಡರು ತೋಟಗಾರಿಕೆಯನ್ನು ನಾಡಿನ ಉದ್ದಗಲಕ್ಕೆ ಹರಡಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬಡಾವಣೆ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿದರು. ಒಬ್ಬನು ಹಚ್ಚಿದ ದೀಪದಿಂದ ಇನ್ನೊಬ್ಬನು ದೀಪ ಹಚ್ಚಿಕೊಂಡ ಕಥೆಯಿದು.

ಅದೇ ನಗರದಲ್ಲಿ ರಸ್ತೆಗಳು ಅಗಲವಾಗುತ್ತ ಬಂದಂತೆ ಮರಗಳು ಉರುಳಿವೆ. ಹೆಬ್ಬಾಳವನ್ನು ಹಾಯ್ದು ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯ ಹಳೆಯ ನೆರಳನ್ನು ಬಲ್ಲವರಿಗೆ ಆ ನಷ್ಟವನ್ನು ವಿವರಿಸಬೇಕಾಗಿಲ್ಲ. ಬೀದಿ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನಾದರೂ ಮನೆಯಂಗಳ ಕಾಪಾಡಬೇಕಾದ ಕಾಲವಿದು. ಯೋಗ್ಯವಾದ ಗಿಡವನ್ನು ಆರಿಸಿ, ಅದರ ಮೊದಲ ಎರಡು ಬೇಸಗೆಗಳಿಗೆ ತಪ್ಪದೆ ನೀರೆರೆಯುವವನು ಕೃಂಬಿಗಲ್ ಅವರ ಕೆಲಸವನ್ನೇ ಮುಂದುವರಿಸಿದಂತಾಗುತ್ತದೆ.