ದಿವಾನಗಿರಿಯಿಂದ ಕಲಾಸಂಗ್ರಹಕ್ಕೆ: ಮೂರನೆಯ ಸಾಲಾರ್ ಜಂಗ್

ಮೀರ್ ಯೂಸುಫ್ ಅಲಿ ಖಾನರು 1889ರ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಮಗುವಿಗೆ ತಿಂಗಳು ತುಂಬುವ ಮೊದಲೇ ತಂದೆ, ಎರಡನೆಯ ಸಾಲಾರ್ ಜಂಗ್ ಎನಿಸಿದ್ದ ಮೀರ್ ಲಾಯಕ್ ಅಲಿ ಖಾನರು, ತೀರಿಕೊಂಡರು. ಅಜ್ಜ ಮೀರ್ ತುರಾಬ್ ಅಲಿ ಖಾನರು ಮೊದಲನೆಯ ಸಾಲಾರ್ ಜಂಗ್. 1853ರಿಂದ ಮೂರು ದಶಕಗಳ ಕಾಲ ಹೈದರಾಬಾದಿನ ದಿವಾನರಾಗಿ, ದಿವಾಳಿಯ ಅಂಚಿನಲ್ಲಿದ್ದ ಸಂಸ್ಥಾನದ ಆಡಳಿತವನ್ನು ಹಳಿಗೆ ತಂದವರು ಅವರು. ಹೀಗೆ ತೊಟ್ಟಿಲಲ್ಲಿದ್ದಾಗಲೇ ಒಂದು ದೊಡ್ಡ ಹೆಸರೂ ದೊಡ್ಡ ಜಹಗೀರೂ ಈ ಮಗುವಿನ ಪಾಲಿಗೆ ಬಂದವು.

ಆ ಸಂಪತ್ತಿನ ಮೂಲದಲ್ಲಿ ಕನ್ನಡದ ನೆಲವೂ ಇತ್ತೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅಂದಿನ ರಾಯಚೂರು ಜಿಲ್ಲೆಯ ಕೊಪ್ಪಳ ಈ ಮನೆತನದ ಜಹಗೀರಾಗಿತ್ತು. ಮಳೆ ನಂಬಿ ಜೋಳ ಬಿತ್ತುವ ಆ ಸೀಮೆಯ ಕಂದಾಯವೂ ದಿವಾನ್ ದೇವಡಿಯ ಬೊಕ್ಕಸವನ್ನು ಸೇರುತ್ತಿತ್ತು. ಅಲ್ಲಿಂದ ಅದು ಯಾವ ಯಾವ ದೇಶದ ಅಂಗಡಿಗಳಿಗೆ ಹರಿಯಿತೆಂಬುದನ್ನು ಬಿತ್ತಿದವರು ಅರಿಯುವಂತಿರಲಿಲ್ಲ.

1912ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಯೂಸುಫ್ ಅಲಿ ಖಾನರು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ದಿವಾನರಾದರು. ಆ ಅಧಿಕಾರ ಎರಡೂವರೆ ವರ್ಷವೂ ನಡೆಯಲಿಲ್ಲ; 1914ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಇಪ್ಪತ್ತೈದನೆಯ ವಯಸ್ಸಿಗೇ ರಾಜಕೀಯ ಜೀವನ ಮುಗಿದ ಶ್ರೀಮಂತನೊಬ್ಬ ಬೇಟೆಯಲ್ಲೋ ವಿಲಾಸದಲ್ಲೋ ಕಾಲ ಕಳೆದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅವರು ಮದುವೆಯಾಗಲಿಲ್ಲ. ಮುಂದಿನ ಮೂವತ್ತೈದು ವರ್ಷಗಳನ್ನು ವಸ್ತುಗಳನ್ನು ಹುಡುಕುವುದಕ್ಕೂ ಕೊಳ್ಳುವುದಕ್ಕೂ ಮೀಸಲಿಟ್ಟರು. ತಾವೇ ಯುರೋಪಿಗೂ ಪಶ್ಚಿಮ ಏಷ್ಯಕ್ಕೂ ಹೋಗಿ ಕೊಂಡುತಂದರು. ದೇವಡಿಗೆ ಬರುವ ವ್ಯಾಪಾರಿಗಳಿಗೂ ಬಾಗಿಲು ತೆರೆದಿತ್ತು.

ಕೊಂಡದ್ದೆಲ್ಲವೂ ಒಂದೇ ತೂಕದ್ದಲ್ಲ. ಯುರೋಪಿನ ವಿಭಾಗದಲ್ಲಿ ಮನೆಯ ಅಲಂಕಾರಕ್ಕಷ್ಟೇ ಒದಗುವ ಸರಕೂ ಬೇಕಾದಷ್ಟಿದೆ. ಆದರೆ ಅದರ ಪಕ್ಕದಲ್ಲಿಯೇ ಜಹಾಂಗೀರ್, ಷಾಜಹಾನ್, ಔರಂಗಜೇಬ್ ಈ ಮೂವರು ಬಾದಷಹರ ಹಸ್ತಾಕ್ಷರವಿರುವ, ಯಾಕೂತನ ಬರಹದ ಕುರಾನಿನ ಹಸ್ತಪ್ರತಿಯಿದೆ. ಪಚ್ಚೆಯ ಹಿಡಿಯ ಮೊಗಲ್ ಕಠಾರಿಗಳಿವೆ. ಟಿಪ್ಪು ಸುಲ್ತಾನನಿಗೆ ಫ್ರಾನ್ಸಿನ ದೊರೆ ಕಳುಹಿಸಿದ್ದೆಂದು ಹೇಳಲಾಗುವ ದಂತದ ಕುರ್ಚಿಗಳಿವೆ. ಬೀದರಿನ ಕಸಬುದಾರರ ಬಿದರಿ ಹುಕ್ಕಾಗಳೂ ಹೂಜಿಗಳೂ ಇವೆ. ಸತು ಬೆರೆಸಿದ ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣು ಕದಡಿದ ನೀರಿನಲ್ಲಿ ಕಪ್ಪಾಗಿಸುವ ಈ ಕೆಲಸದ ಮುಂದೆ ಗಡಿಯಾರ ನೋಡಲು ಓಡುವ ಜನ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಆ ಗಡಿಯಾರದ್ದೇ ಬೇರೆ ಕತೆ. ಗಂಟೆಗೊಮ್ಮೆ ಗಡ್ಡದ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆ ಬಾರಿಸಿ ಒಳಹೋಗುತ್ತದೆ. ಅಷ್ಟನ್ನು ಕಾಣಲು ನೂರಾರು ಜನ ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಮತ್ತೊಂದು ಕೋಣೆಯಲ್ಲಿ ಒಂದೇ ಮರದ ದಿಮ್ಮಿಯಲ್ಲಿ ಎರಡು ರೂಪಗಳಿವೆ: ಎದುರಿಗೆ ಸೊಕ್ಕಿನ ನಿಲುವಿನ ಮೆಫಿಸ್ಟಾಫಿಲಿಸ್, ಹಿಂದಿಟ್ಟ ಕನ್ನಡಿಯಲ್ಲಿ ತಲೆತಗ್ಗಿಸಿದ ಮಾರ್ಗರೆಟ. ಎಲ್ಲರೂ ಮೊದಲು ಕೇಳುವ ಮುಸುಕಿನ ರೆಬೆಕ್ಕ ಮಾತ್ರ ಯೂಸುಫ್ ಅಲಿ ಖಾನರು ಕೊಂಡದ್ದಲ್ಲ. ಬೆಂಜೋನಿ ಕಡೆದ ಆ ಅಮೃತಶಿಲೆಯ ಪ್ರತಿಮೆಯನ್ನು ಅಜ್ಜ 1876ರಲ್ಲಿ ರೋಮಿನಿಂದ ತಂದಿದ್ದರು. ಕಲ್ಲೇ ತೆಳುಬಟ್ಟೆಯಾಗಿ ಮುಖದ ಮೇಲೆ ಇಳಿದಂತಿರುವ ಆ ಮುಸುಕನ್ನು ನೋಡುತ್ತ ಬೆಳೆದ ಬಾಲಕನಿಗೆ ಸಂಗ್ರಹದ ಗೀಳು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು. ಆರು ತಿಂಗಳು ಕಳೆಯುವುದರೊಳಗೆ, 1949ರ ಮಾರ್ಚ್ 2ರಂದು, ಯೂಸುಫ್ ಅಲಿ ಖಾನರು ನಿಧನರಾದರು. ಅದೇ ವರ್ಷ ಜಹಗೀರುಗಳೂ ರದ್ದಾದವು. ಮಕ್ಕಳಿಲ್ಲದ ಮನೆ; ಹಕ್ಕು ಹೇಳಿ ಬಂದ ಬಂಧುಗಳು ಅನೇಕರು. 40,000ಕ್ಕೂ ಮೀರಿದ ವಸ್ತುಗಳು ಪಾಲುಪಟ್ಟಿಯಲ್ಲಿ ಹರಿದು ಹಂಚಿಹೋಗುವುದಕ್ಕೆ ಇದಕ್ಕಿಂತ ಅನುಕೂಲ ಕಾಲ ಬೇರೆ ಇರಲಿಲ್ಲ. ರಾಜ್ಯದ ಮುಖ್ಯಾಡಳಿತದ ಹೊಣೆ ಹೊತ್ತಿದ್ದ ವೆಲ್ಲೋಡಿಯವರು ಅದಕ್ಕೆ ಎಡೆಗೊಡದೆ, ಸಂಗ್ರಹವನ್ನು ಒಂದೆಡೆ ಉಳಿಸುವ ನಿರ್ಧಾರ ಮಾಡಿದರು. ಕಲಾವಿಮರ್ಶಕ ಜೇಮ್ಸ್ ಕಸಿನ್ಸರು ಚದುರಿ ಬಿದ್ದಿದ್ದ ವಸ್ತುಗಳನ್ನು ಓರಣಗೊಳಿಸಿದರು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ವಾರಸುದಾರರೊಡನೆ ರಾಜಿಯಾದದ್ದು 1958ರಲ್ಲಿ, ಹೈಕೋರ್ಟಿನ ಮೂಲಕ. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು.

1968ರಲ್ಲಿ ಇಡೀ ಸಂಗ್ರಹ ಮೂಸಿ ನದಿಯ ದಕ್ಷಿಣ ದಂಡೆಯ ಹೊಸ ಕಟ್ಟಡಕ್ಕೆ ಸಾಗಿತು. ರೆಬೆಕ್ಕ, ಬೊಂಬೆಯ ಗಡಿಯಾರ, ಬೀದರಿನ ಹುಕ್ಕಾಗಳು, ಎಲ್ಲವೂ ಈಗ ಅಲ್ಲಿವೆ.