ಪರಮಾಣುವಿನ ಒಡಲನ್ನು ಅರಿಯಹೊರಟ ಡಾ. ರಾಜಾ ರಾಮಣ್ಣ

ನಮ್ಮ ಶಾಲೆಯ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ಹೆಚ್ಚುಕಡಿಮೆ ಶಾಲೆಯ ಓರಗೆಯವರೇ ಆದ ಕನ್ನಡಿಗ ವಿಜ್ಞಾನಿ ಡಾ. ರಾಜಾ ರಾಮಣ್ಣನವರನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ. ಗೋವೆಯ ಗಡಿಗೆ ಹೊಂದಿಕೊಂಡ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿ ವಿದ್ಯುತ್ತಾಗುವ ಶಕ್ತಿ ಹುಟ್ಟುವುದು ಯುರೇನಿಯಂ ನ್ಯೂಕ್ಲಿಯಸ್ಸು ಒಡೆಯುವುದರಿಂದ. ವಿದಳನವೆಂಬ ಆ ಕ್ರಿಯೆಯ ಮರ್ಮವನ್ನು ತಿಳಿಯುವುದೇ ರಾಮಣ್ಣನವರ ಸಂಶೋಧನೆಯ ಜೀವಾಳವಾಗಿತ್ತು.

1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಅವರು ಮೈಸೂರು, ಬೆಂಗಳೂರುಗಳಲ್ಲಿ ವ್ಯಾಸಂಗ ಮಾಡಿ, ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದರು. ಬಾಲ್ಯದಿಂದಲೂ ಪಿಯಾನೋ ವಾದನದಲ್ಲಿ ಅವರಿಗೆ ಅಪಾರ ಆಸಕ್ತಿ. ಡಾ. ಹೋಮಿ ಭಾಭಾ ಅವರ ಪರಿಚಯವಾದದ್ದೂ ಸಂಗೀತದ ನಿಮಿತ್ತವಾಗಿಯೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು 1949ರಲ್ಲಿ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಕಾರ್ಯಾರಂಭ ಮಾಡಿತು. ಇಂಧನವನ್ನು ಬ್ರಿಟನ್ ಒದಗಿಸಿತಾದರೂ ಕಟ್ಟಿದವರು ನಮ್ಮವರೇ; ಅವರಲ್ಲಿ ರಾಮಣ್ಣನವರೂ ಒಬ್ಬರು. ಅಪ್ಸರಾದ ನ್ಯೂಟ್ರಾನುಗಳು ಅವರ ಪ್ರಯೋಗಗಳಿಗೆ ಒದಗಿಬಂದವು. ಒಡೆದ ತೆಂಗಿನಕಾಯಿ ಸರಿಹೋಳಾಗುವುದು ಅಪರೂಪವಷ್ಟೆ. ಯುರೇನಿಯಂ ನ್ಯೂಕ್ಲಿಯಸ್ಸೂ ಹಾಗೆಯೇ. ಒಂದು ಹೋಳಿನ ತೂಕ ಸುಮಾರು 95 ಆದರೆ ಇನ್ನೊಂದರದು ಸುಮಾರು 140. ಈ ಅಸಮತೆಗೆ ಕಾರಣವೇನು? ಒಡೆಯುವಾಗ ಸಿಡಿಯುವ ಎರಡು ಮೂರು ನ್ಯೂಟ್ರಾನುಗಳು ಯಾವ ದಿಕ್ಕಿಗೆ, ಎಷ್ಟು ಶಕ್ತಿಯಿಂದ ಹೊರಡುತ್ತವೆ? ರಾಮಣ್ಣನವರೂ ಅವರ ಸಂಗಡಿಗರೂ ಈ ಪ್ರಶ್ನೆಗಳನ್ನು ವರ್ಷಗಟ್ಟಲೆ ಅಳೆದು, ಲೆಕ್ಕಹಾಕಿ ಪರಿಶೀಲಿಸಿದರು.

ಈ ಅಧ್ಯಯನದ ವ್ಯಾಪ್ತಿ ಯುರೇನಿಯಂಗೆ ಮುಗಿಯುವುದಿಲ್ಲ. ವೇಗವರ್ಧಕ ಯಂತ್ರಗಳಲ್ಲಿ ನ್ಯೂಕ್ಲಿಯಸ್ಸುಗಳನ್ನು ಒಂದಕ್ಕೊಂದು ಅಪ್ಪಳಿಸಿ, ವಿಜ್ಞಾನಿಗಳು 118ನೆಯ ಧಾತುವಿನವರೆಗೆ ಅತಿಭಾರದ ಧಾತುಗಳನ್ನು ಸೃಷ್ಟಿಸಿದ್ದಾರೆ. ಪ್ರೋಟಾನುಗಳ ಪರಸ್ಪರ ವಿಕರ್ಷಣೆಯಿಂದಾಗಿ ಅವು ಬಹುಬೇಗ ಕ್ಷಯಿಸುತ್ತವೆ. 118ನೆಯದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲವೂ ಉಳಿಯುವುದು ಕಷ್ಟ. ಧಾತುಗಳ ಭಾರಕ್ಕೆ ಮಿತಿಯೆಲ್ಲಿ ಎಂಬುದನ್ನು ತಿಳಿಯಲು ವಿದಳನವನ್ನು ಅರಿಯಲೇಬೇಕು. ಅಂತಹ ಯಂತ್ರಗಳು ನಮ್ಮಲ್ಲಿಯೂ ಇರಬೇಕೆಂದು ಬಯಸಿದ ರಾಮಣ್ಣನವರು ಕಲ್ಕತ್ತೆಯ ಸೈಕ್ಲೋಟ್ರಾನ್ ನಿರ್ಮಾಣಕ್ಕೆ ಒತ್ತಾಸೆಯಾಗಿ ನಿಂತರು.

1974ರ ಮೇ 18ರಂದು ಪೋಖರಣದಲ್ಲಿ ನಡೆದ ಪರಮಾಣು ಪರೀಕ್ಷೆಯ ನೇತೃತ್ವವೂ ಅವರದೇ. ಅದರಿಂದ ದೇಶಕ್ಕೆ ಕೀರ್ತಿ ಬಂದಂತೆ ಸಂಕಷ್ಟವೂ ಬಂದಿತು; ಕೆನಡಾ ತನ್ನ ಸಹಕಾರವನ್ನು ಹಿಂತೆಗೆದುಕೊಂಡಿತು. ಮುಂದೆ ಕೈಗಾ ಯೋಜನೆ ಬಂದಾಗ, ಕನ್ನಡದ ಮತ್ತೊಬ್ಬ ಹಿರಿಯರಾದ ಡಾ. ಶಿವರಾಮ ಕಾರಂತರು ಅರಣ್ಯದ ಹಾಗೂ ಜನರ ಹಿತವನ್ನು ಮುಂದಿಟ್ಟು ಅದನ್ನು ವಿರೋಧಿಸಿದರು. ಇಬ್ಬರೂ ನಮ್ಮವರೇ. ವಿದ್ಯಾರ್ಥಿಗಳಿಗೆ ಒಬ್ಬರ ಸಾಧನೆಯನ್ನು ಹೇಳಿ ಇನ್ನೊಬ್ಬರ ಆತಂಕವನ್ನು ಮರೆಮಾಚಿದರೆ ಶಿಕ್ಷಕರಾಗಿ ನಮ್ಮ ಕರ್ತವ್ಯ ಅರ್ಧವೇ ಆದೀತು.

ಶಿಕ್ಷಕರಾದ ನಮಗೆ ರಾಮಣ್ಣನವರು ಹೆಚ್ಚು ಆಪ್ತರಾಗುವುದು ಮತ್ತೊಂದು ಕಾರಣಕ್ಕೆ. 1957ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ತರಬೇತಿ ಶಾಲೆಯನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ದೇಶದ ಮೂಲೆಮೂಲೆಗಳಿಂದ ಬಂದ ಯುವಪದವೀಧರರು ಅಲ್ಲಿ ಕಲಿತು ಅಣುವಿಜ್ಞಾನದ ಹೊಣೆ ಹೊತ್ತರು. ಹೊರಗಿನ ನೆರವು ನಿಂತಾಗಲೂ ಕೆಲಸ ನಿಲ್ಲದಿರಲು ಹೀಗೆ ಸಿದ್ಧರಾದ ಕೈಗಳೇ ಕಾರಣ. 1988ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೂ ಅವರೇ ಮೊದಲ ನಿರ್ದೇಶಕರು; ಅಲ್ಲಿ ವಿಜ್ಞಾನದೊಂದಿಗೆ ತತ್ತ್ವಶಾಸ್ತ್ರ, ಕಲೆಗಳಿಗೂ ಸ್ಥಾನ ದೊರೆಯಿತು.

2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ಅವರು ಕಾಲವಶರಾದರು. ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರ ಇಂದು ಅವರ ಹೆಸರನ್ನು ಹೊತ್ತಿದೆ. ನಮ್ಮ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿ: ಮಕ್ಕಳು ವಸ್ತುವೊಂದನ್ನು ಬಿಚ್ಚಿ ಅದರ ಒಳಗೇನಿದೆಯೆಂದು ನೋಡಹೊರಟಾಗ ಗದರಬೇಡಿರಿ. ಅಂತಹ ಕುತೂಹಲಕ್ಕೆ ನೀರೆರೆಯುವ ಪ್ರಯೋಗಾಲಯವೊಂದು ನಮ್ಮ ಶಾಲೆಯ ಎರಡನೆಯ ಶತಮಾನದಲ್ಲಿ ಸುಸಜ್ಜಿತವಾಗಿ ಬೆಳೆಯಲೆಂದು ನಾವು ಹಾರೈಸುತ್ತೇವೆ.