ಮದುವೆಗೆ ಸರ್ಕಾರದ ಅನುಮತಿ ಬೇಕೆಂದ ನಿಯಮವನ್ನು ಪ್ರಶ್ನಿಸಿದ ಕೊಡಗಿನ ಮುತ್ತಮ್ಮ

1979ರ ಸೆಪ್ಟೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಮಹಿಳಾ ಅಧಿಕಾರಿಯೊಬ್ಬರ ರಿಟ್ ಅರ್ಜಿಯನ್ನು ವಜಾ ಮಾಡಿತು. ಅರ್ಜಿ ವಜಾ ಆಯಿತೆಂದರೆ ಅರ್ಜಿದಾರರು ಸೋತರು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅಂದಿನ ತೀರ್ಪಿನ ಕಥೆ ಬೇರೆ. ನ್ಯಾಯಾಲಯದಿಂದ ಹೊರಬಂದಾಗ ತಲೆ ತಗ್ಗಿಸಬೇಕಾದ ಸ್ಥಿತಿ ಬಂದದ್ದು ಭಾರತ ಸರ್ಕಾರಕ್ಕೆ. ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಎಂದು ವಿಧಿಸಿದ್ದ ಸೇವಾ ನಿಯಮವೊಂದು ಆ ಮೊಕದ್ದಮೆಯೊಂದಿಗೆ ಇತಿಹಾಸದ ಪುಟ ಸೇರಿತು. ಆ ಅರ್ಜಿದಾರರು ಕೊಡಗಿನ ಸಿ.ಬಿ. ಮುತ್ತಮ್ಮ.

ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಎಂಬ ಹೆಗ್ಗಳಿಕೆಗಾಗಿ ಮುತ್ತಮ್ಮ ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ. ಆದರೆ ಮೊದಲಿಗರಾಗಿ ಒಳಹೊಕ್ಕಿದ್ದಕ್ಕಿಂತ, ತಮ್ಮ ಹಿಂದೆ ಬರುವ ಹೆಣ್ಣುಮಕ್ಕಳಿಗಾಗಿ ಬಾಗಿಲನ್ನು ತೆರೆದಿಟ್ಟು ಹೋದದ್ದೇ ಅವರ ದೊಡ್ಡ ಸಾಧನೆ.

ವಿರಾಜಪೇಟೆಯಿಂದ ಮದರಾಸಿಗೆ

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಜನಿಸಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಕೊಡಗು ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯ. ತಂದೆ ಅರಣ್ಯಾಧಿಕಾರಿ. ಮುತ್ತಮ್ಮ ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ನಾಲ್ವರು ಮಕ್ಕಳ ಭಾರ ತಾಯಿಯ ಹೆಗಲಿಗೆ ಬಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮಕ್ಕಳ ಓದನ್ನು ಮೊಟಕುಗೊಳಿಸಿದ್ದರೂ ಆ ಕಾಲದಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಏನೇ ಆಗಲಿ ಮಕ್ಕಳಿಗೆ ವಿದ್ಯೆ ಕೊಡಿಸಲೇಬೇಕೆಂದು ಆ ತಾಯಿ ಹಟ ತೊಟ್ಟರು.

ಮಡಿಕೇರಿಯ ಸೇಂಟ್ ಜೋಸೆಫ್ ಬಾಲಕಿಯರ ಶಾಲೆಯಲ್ಲಿ ಆರಂಭದ ವಿದ್ಯಾಭ್ಯಾಸ ಮುಗಿಸಿದ ಮುತ್ತಮ್ಮ, ಮುಂದೆ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಸೇರಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸ್ನಾತಕೋತ್ತರ ಅಧ್ಯಯನ. ಓದು ಮುಗಿಯುವ ಹೊತ್ತಿಗೆ ದೇಶ ಸ್ವತಂತ್ರವಾಗಿತ್ತು. ಹೊಸ ರಾಷ್ಟ್ರಕ್ಕೆ ಹೊಸ ಅಧಿಕಾರಿಗಳು ಬೇಕಾಗಿದ್ದರು. 1948ರಲ್ಲಿ ನಾಗರಿಕ ಸೇವಾ ಪರೀಕ್ಷೆ ಬರೆದ ಮುತ್ತಮ್ಮ ತೇರ್ಗಡೆಯಾದದ್ದಷ್ಟೇ ಅಲ್ಲ, ವಿದೇಶಾಂಗ ಸೇವೆಯ ಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿದ್ದರು.

ಬಾಗಿಲಲ್ಲೇ ತಡೆ

ಪರೀಕ್ಷೆಯಲ್ಲಿ ಗೆದ್ದವರಿಗೆ ಸಂದರ್ಶನದ ಕೊಠಡಿಯಲ್ಲಿ ಬೇರೆಯೇ ಪರೀಕ್ಷೆ ಕಾದಿತ್ತು. ಲೋಕಸೇವಾ ಆಯೋಗದ ಅಂದಿನ ಅಧ್ಯಕ್ಷರೇ ತಮ್ಮನ್ನು ವಿದೇಶಾಂಗ ಸೇವೆಯಿಂದ ವಿಮುಖಗೊಳಿಸಲು ಯತ್ನಿಸಿದರು ಮತ್ತು ಸಂದರ್ಶನದ ಅಂಕಗಳು ಕಡಿಮೆಯಾಗುವಂತೆ ಪ್ರಭಾವ ಬೀರಿದರು ಎಂದು ಮುತ್ತಮ್ಮ ಮುಂದೆ ನ್ಯಾಯಾಲಯದ ಮುಂದಿಟ್ಟ ಅರ್ಜಿಯಲ್ಲಿ ಆರೋಪಿಸಿದ್ದರು. ದೂರದೇಶಗಳ ವಾಸ, ಪದೇ ಪದೇ ವರ್ಗಾವಣೆ, ರಾಜತಾಂತ್ರಿಕ ಮಾತುಕತೆ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎಂಬ ಭಾವನೆ ಆಗ ಆಡಳಿತ ವಲಯದಲ್ಲಿ ಬೇರೂರಿತ್ತು.

ಆದರೂ ಮುತ್ತಮ್ಮ ಜಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಮದುವೆಯಾದರೆ ಹುದ್ದೆಗೆ ರಾಜೀನಾಮೆ ಕೊಡುತ್ತೇನೆ ಎಂಬುದು ಅದರ ಸಾರ. ಅದೇ ವರ್ಷ ಸೇರಿದ ಗಂಡಸರಿಂದ ಇಂಥ ಯಾವ ಮುಚ್ಚಳಿಕೆಯನ್ನೂ ಕೇಳಿರಲಿಲ್ಲ.

ಇದು ಒಬ್ಬರ ಪಾಡಾಗಿರಲಿಲ್ಲ. 1951ರ ತಂಡದಲ್ಲಿ ಐಎಎಸ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅನ್ನಾ ರಾಜಂ ಅವರ ನೇಮಕಾತಿ ಆದೇಶದಲ್ಲೂ ಮದುವೆಯಾದರೆ ಸೇವೆ ಕೊನೆಗೊಳ್ಳುವುದೆಂಬ ಷರತ್ತಿತ್ತು. ‘ಇನ್‌ಸೈಡ್ ದ ಹವೇಲಿ’ ಕಾದಂಬರಿಯಿಂದ ಮುಂದೆ ಹೆಸರಾದ ರಮಾ ಮೆಹ್ತಾ, ವಿದೇಶಾಂಗ ಸೇವೆಯ ಆರಂಭದ ಮಹಿಳಾ ಅಧಿಕಾರಿಗಳಲ್ಲಿ ಒಬ್ಬರಾಗಿದ್ದರು. ಮದುವೆಯಾದ ಕಾರಣಕ್ಕೆ ಅವರು ಹುದ್ದೆ ತೊರೆಯಬೇಕಾಯಿತು. ಮನೆ ಅಥವಾ ಉದ್ಯೋಗ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಹೆಣ್ಣಿಗೆ ಮಾತ್ರ ಮೀಸಲಾಗಿತ್ತು. ಮುತ್ತಮ್ಮ ಮದುವೆಯಾಗಲಿಲ್ಲ.

ಸಂವಿಧಾನ ಬಂದರೂ ಬದಲಾಗದ ನಿಯಮ

1950ರಲ್ಲಿ ಸಂವಿಧಾನ ಜಾರಿಗೆ ಬಂತು. ಕಾನೂನಿನ ಮುಂದೆ ಎಲ್ಲರೂ ಸಮಾನರು, ಲಿಂಗದ ಆಧಾರದ ಮೇಲೆ ತಾರತಮ್ಯ ಸಲ್ಲದು, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಇರತಕ್ಕದ್ದು ಎಂದು 14, 15 ಮತ್ತು 16ನೇ ವಿಧಿಗಳು ಸಾರಿದವು. ಮುಚ್ಚಳಿಕೆಯ ಕಾಲ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪಾಗಿತ್ತು. ಹನ್ನೊಂದು ವರ್ಷಗಳ ನಂತರ, 1961ರಲ್ಲಿ, ಸ್ವತಂತ್ರ ಭಾರತದ ಸರ್ಕಾರವೇ ಅದೇ ತಾರತಮ್ಯವನ್ನು ಸೇವಾ ನಿಯಮಗಳಲ್ಲಿ ಅಕ್ಷರರೂಪಕ್ಕೆ ಇಳಿಸಿತು.

ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತಿನ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯ ನಂತರ ಆಕೆಯ ಸಂಸಾರದ ಜವಾಬ್ದಾರಿಗಳು ಕರ್ತವ್ಯಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದಿತ್ತು. ಕೆಲಸ ಕೆಟ್ಟಿರಬೇಕೆಂದೇನೂ ಇರಲಿಲ್ಲ. ಕೆಡಬಹುದು ಎಂಬ ಅನುಮಾನವೇ ಸಾಕಿತ್ತು. ನೇಮಕಾತಿ ಮತ್ತು ಬಡ್ತಿಗೆ ಸಂಬಂಧಿಸಿದ ಮತ್ತೊಂದು ನಿಯಮ, ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲವೆಂದು ಹೇಳುತ್ತಿತ್ತು.

ಈ ವಾತಾವರಣದಲ್ಲೇ ಮುತ್ತಮ್ಮ ದುಡಿದರು. ಮೊದಲು ಪ್ಯಾರಿಸ್‌ನ ರಾಯಭಾರ ಕಚೇರಿ, ಮುಂದೆ ರಂಗೂನ್, ಲಂಡನ್. ದೆಹಲಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕಕ್ಕೆ ಸಂಬಂಧಿಸಿದ ವಿಭಾಗಗಳಲ್ಲೂ ಕೆಲಸ ಮಾಡಿದರು. 1970ರಲ್ಲಿ ಅವರನ್ನು ಹಂಗೇರಿಗೆ ರಾಯಭಾರಿಯಾಗಿ ಕಳುಹಿಸಲಾಯಿತು. ವಿಜಯಲಕ್ಷ್ಮಿ ಪಂಡಿತ್ ಅವರು ಅದಕ್ಕೂ ಬಹಳ ಮೊದಲೇ ಮಾಸ್ಕೋ ಹಾಗೂ ವಾಷಿಂಗ್ಟನ್‌ಗಳಲ್ಲಿ ರಾಯಭಾರಿಯಾಗಿದ್ದರಾದರೂ ಅದು ರಾಜಕೀಯ ನೇಮಕ. ಸೇವೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ ಮುತ್ತಮ್ಮ. ನಂತರ ಘಾನಾದಲ್ಲೂ ಅವರು ರಾಯಭಾರಿಯಾದರು.

ನ್ಯಾಯಾಲಯದ ಮೆಟ್ಟಿಲು

ವಿದೇಶಾಂಗ ಸೇವೆಯ ಮೊದಲ ದರ್ಜೆಗೆ ಬಡ್ತಿ ನೀಡುವ ಸಮಯ ಬಂದಾಗ ಮುತ್ತಮ್ಮ ಅವರನ್ನು ಕೈಬಿಡಲಾಯಿತು. ಅರ್ಹತೆ ಸಾಲದೆಂಬುದು ಸರ್ಕಾರ ನೀಡಿದ ಕಾರಣ. ಅವರಿಗಿಂತ ಕಿರಿಯರಾದವರು ಮುಂದೆ ಸಾಗಿದರು. ಮೂರು ದಶಕಗಳ ಸೇವೆ, ಎರಡು ದೇಶಗಳಲ್ಲಿ ರಾಯಭಾರಿಯಾದ ಅನುಭವ ಇದ್ದರೂ ಹೀಗಾಯಿತು.

ಸರ್ಕಾರಿ ನೌಕರರು ಸರ್ಕಾರದ ವಿರುದ್ಧವೇ ಮೊಕದ್ದಮೆ ಹೂಡುವುದು ಸಣ್ಣ ಮಾತಲ್ಲ. ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವಾಗ ಹಿರಿಯರನ್ನು ಎದುರುಹಾಕಿಕೊಳ್ಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಮುತ್ತಮ್ಮ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ತಮಗೆ ಬಡ್ತಿ ತಪ್ಪಿತೆಂಬ ದೂರಿಗಷ್ಟೇ ಅರ್ಜಿಯನ್ನು ಸೀಮಿತಗೊಳಿಸಲಿಲ್ಲ. ಸಂದರ್ಶನದ ದಿನದಿಂದ ಆರಂಭಿಸಿ ಮುಚ್ಚಳಿಕೆ, ಮದುವೆಯ ನಿಯಮ, ನೇಮಕಾತಿ ನಿಯಮ, ಬಡ್ತಿ ನಿರ್ಧರಿಸುವವರಲ್ಲಿರುವ ಪೂರ್ವಗ್ರಹ ಎಲ್ಲವನ್ನೂ ಒಂದು ಸರಪಳಿಯಂತೆ ನ್ಯಾಯಾಲಯದ ಮುಂದಿಟ್ಟರು. ಒಬ್ಬರಿಗೆ ತಪ್ಪಿದ ಬಡ್ತಿಯ ಹಿಂದೆ ಇಡೀ ಸೇವೆಯ ಧೋರಣೆ ಇದೆ ಎಂಬುದು ಅವರ ವಾದವಾಗಿತ್ತು.

ಅರ್ಜಿ ನ್ಯಾಯಾಲಯದಲ್ಲಿರುವಾಗಲೇ ಸರ್ಕಾರ ಅವರ ಪ್ರಕರಣವನ್ನು ಮರುಪರಿಶೀಲಿಸಿ ಬಡ್ತಿ ನೀಡಿತು. ಮೊದಲು ಇಲ್ಲದ ಅರ್ಹತೆ ಕೆಲವೇ ತಿಂಗಳಲ್ಲಿ ಕಂಡುಬಂದಿತ್ತು! ವೈಯಕ್ತಿಕ ಲಾಭವೊಂದೇ ಗುರಿಯಾಗಿದ್ದರೆ ಮೊಕದ್ದಮೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಯಮಗಳ ಪ್ರಶ್ನೆ ಹಾಗೇ ಉಳಿದಿತ್ತು. ಅದು ನ್ಯಾಯಪೀಠದ ಮುಂದೆ ಬಂದೇ ಬಂತು.

ವಜಾ ಆದರೂ ಗೆದ್ದ ಅರ್ಜಿ

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ಅವರಿದ್ದ ಪೀಠ ಪ್ರಕರಣವನ್ನು ಆಲಿಸಿತು. ತೀರ್ಪು ಬರೆದವರು ಕೃಷ್ಣ ಅಯ್ಯರ್. ಎರಡೂ ನಿಯಮಗಳು ಸಂವಿಧಾನದ ಆಶಯಕ್ಕೆ ವಿರುದ್ಧವಾಗಿವೆ ಎಂದು ಅವರು ಕಟುವಾದ ಮಾತುಗಳಲ್ಲೇ ದಾಖಲಿಸಿದರು. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ ಎಂಬ ಸರಳ ತರ್ಕದ ಮುಂದೆ ನಿಯಮ ನಿಲ್ಲಲಿಲ್ಲ. ವಿವಾಹಿತ ಪುರುಷನಿಗೆ ಇರುವ ಹಕ್ಕು ವಿವಾಹಿತ ಮಹಿಳೆಗೂ ಇರಬೇಕೆಂಬುದು ನ್ಯಾಯಾಲಯದ ನಿಲುವಾಗಿತ್ತು.

ವಿವಾಹಿತೆಯರ ನೇಮಕಾತಿಗೆ ಅಡ್ಡಿಯಾಗಿದ್ದ ನಿಯಮವನ್ನು ಈ ಮೊದಲೇ ಕೈಬಿಡಲಾಗಿದೆ, ಮದುವೆಗೆ ಅನುಮತಿ ಕೇಳುವ ನಿಯಮವನ್ನೂ ರದ್ದುಪಡಿಸಿ ರಾಜ್ಯಪತ್ರದಲ್ಲಿ ಪ್ರಕಟಿಸಲಾಗುತ್ತಿದೆ ಎಂದು ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ಬಡ್ತಿಯೂ ದೊರೆತಿತ್ತು. ಹೀಗಾಗಿ ಅರ್ಜಿಯನ್ನು ವಜಾ ಮಾಡಲಾಯಿತು. ಆದರೆ ನ್ಯಾಯಾಲಯ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನಡುವಿನ ತಿಂಗಳುಗಳಲ್ಲಿ ಮುತ್ತಮ್ಮ ಅವರನ್ನು ದಾಟಿ ಹೋದ ಕಿರಿಯರಿಗೆ ಹೋಲಿಸಿ ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ ನಿರ್ದೇಶಿಸಿತು. ಪ್ರತಿಯೊಂದು ಅನ್ಯಾಯಕ್ಕೂ ಯಾರಾದರೂ ಮೊಕದ್ದಮೆ ಹೂಡಲಿ ಎಂದು ಕಾಯದೆ, ಎಲ್ಲ ಸೇವಾ ನಿಯಮಗಳಿಂದಲೂ ಲಿಂಗ ತಾರತಮ್ಯದ ಕಳೆಯನ್ನು ಕಿತ್ತುಹಾಕುವುದು ಅಗತ್ಯವೆಂದು ಸರ್ಕಾರಕ್ಕೆ ನೆನಪಿಸಿತು.

ತೀರ್ಪಿಗೆ ಮಿತಿಯೂ ಇತ್ತು. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಸ್ತ್ರೀ-ಪುರುಷರನ್ನು ಒಂದೇ ರೀತಿ ನೋಡಬೇಕೆಂದು ಅದು ಸಾರಲಿಲ್ಲ. ಕೆಲಸದ ಸ್ವರೂಪ ಅನಿವಾರ್ಯಗೊಳಿಸಿದರೆ ವ್ಯತ್ಯಾಸಕ್ಕೆ ಅವಕಾಶ ಇರಬಹುದೆಂದಿತು. ಆ ಅವಕಾಶದ ಬಗ್ಗೆ ಮುಂದೆಯೂ ಹೋರಾಟಗಳು ನಡೆದವು. 1981ರಲ್ಲಿ ಏರ್ ಇಂಡಿಯಾ ಗಗನಸಖಿಯರ ಪ್ರಕರಣದಲ್ಲಿ, ಗರ್ಭಿಣಿಯಾದ ಕಾರಣಕ್ಕೆ ಕೆಲಸದಿಂದ ತೆಗೆಯುವ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತಾದರೂ ಸೇವೆಯ ಮೊದಲ ನಾಲ್ಕು ವರ್ಷ ಮದುವೆಯಾಗಬಾರದೆಂಬ ಷರತ್ತನ್ನು ಎತ್ತಿಹಿಡಿಯಿತು. ಸೇನೆಯ ಮಹಿಳಾ ಅಧಿಕಾರಿಗಳು ಕಾಯಂ ಸೇವಾವಕಾಶಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಸಂಸಾರದ ಹೊಣೆಯ ವಾದ ಅಲ್ಲಿಯೂ ಸರ್ಕಾರದ ಪರವಾಗಿ ಮಂಡನೆಯಾಗಿತ್ತು ಎಂಬುದು ಗಮನಾರ್ಹ.

ನಿವೃತ್ತಿಯ ನಂತರ

ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ರಾಯಭಾರಿಯಾಗಿದ್ದ ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಮೆ ಅಧ್ಯಕ್ಷತೆಯಲ್ಲಿ ನಿಶ್ಶಸ್ತ್ರೀಕರಣ ಮತ್ತು ಭದ್ರತೆ ಕುರಿತು ರಚನೆಯಾಗಿದ್ದ ಸ್ವತಂತ್ರ ಆಯೋಗದಲ್ಲಿ ಅವರು ಭಾರತದ ಸದಸ್ಯೆಯಾಗಿದ್ದರು. ದೇಶದ ಆಡಳಿತ ವ್ಯವಸ್ಥೆಯ ಲೋಪಗಳನ್ನು ಕುರಿತ ‘ಸ್ಲೇನ್ ಬೈ ದ ಸಿಸ್ಟಮ್’ ಕೃತಿ 2003ರಲ್ಲಿ ಪ್ರಕಟವಾಯಿತು. ಕೊಡವ ಅಡುಗೆಯ ಬಗ್ಗೆಯೂ ಪುಸ್ತಕವೊಂದನ್ನು ಅವರು ಸಹಲೇಖಕಿಯಾಗಿ ಬರೆದರು. ಜಗತ್ತು ಸುತ್ತಿದರೂ ಹುಟ್ಟಿದ ಮಣ್ಣಿನ ನಂಟನ್ನು ಕಡಿದುಕೊಂಡಿರಲಿಲ್ಲ.

2009ರ ಅಕ್ಟೋಬರ್ 14ರಂದು, ತಮ್ಮ 85ನೇ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಅವರ ಬದುಕು ಇಂದಿನ ಉದ್ಯೋಗಸ್ಥ ಯುವತಿಯರಿಗೆ ಹೇಳುವುದು ಬಹಳಷ್ಟಿದೆ. ಮದುವೆಗೆ ಅನುಮತಿ ಕೇಳುವ ನಿಯಮ ಈಗ ಕಡತದಲ್ಲಿಲ್ಲ. ಆದರೆ ಮದುವೆ ಯಾವಾಗ, ಮಕ್ಕಳು ಯಾವಾಗ ಎಂಬ ಪ್ರಶ್ನೆ ಸಂದರ್ಶನದ ಕೊಠಡಿಯಿಂದ ಪೂರ್ತಿ ಹೊರಬಿದ್ದಿಲ್ಲ. ಹೆರಿಗೆ ರಜೆ ಮುಗಿಸಿ ಬಂದಾಕೆಗೆ ಬಡ್ತಿ ತಪ್ಪಿದಾಗ ಅರ್ಹತೆ ಎಂಬ ಪದವೇ ಈಗಲೂ ಮುಂದೆ ಬರುವುದುಂಟು. ಅಂಥ ಸಂದರ್ಭದಲ್ಲಿ ತನ್ನಲ್ಲೇ ಏನೋ ಕೊರತೆಯಿದೆ ಎಂದು ಕುಗ್ಗುವುದು ಸುಲಭ. ಮುತ್ತಮ್ಮ ಕುಗ್ಗಲಿಲ್ಲ. ಮೂವತ್ತು ವರ್ಷಗಳ ಅನುಭವವನ್ನು ಒಂದೊಂದಾಗಿ ಜೋಡಿಸಿ, ಕೊರತೆ ಇರುವುದು ನಿಯಮದಲ್ಲಿ ಎಂದು ತೋರಿಸಿಕೊಟ್ಟರು.

ಆ ಗೆಲುವಿನಿಂದ ಅವರಿಗೆ ದೊರೆತದ್ದು ಅಲ್ಪ. ಸೇವೆಯಲ್ಲಿ ಉಳಿದಿದ್ದುದು ಮೂರೇ ವರ್ಷ. ಮದುವೆಯ ನಿಯಮ ರದ್ದಾದಾಗ ಅವರಿಗೆ 55 ವರ್ಷ. ಫಲ ಉಂಡವರು ಹಿಂದೆ ಬಂದ ಹೆಣ್ಣುಮಕ್ಕಳು. 2001ರಲ್ಲಿ ಚೊಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. ಮುತ್ತಮ್ಮ ಕಣ್ಮುಚ್ಚುವುದಕ್ಕೆ ಸುಮಾರು ಎರಡೂವರೆ ತಿಂಗಳು ಮೊದಲು, 2009ರ ಆಗಸ್ಟ್‌ನಲ್ಲಿ, ಅದೇ ಹುದ್ದೆಗೆ ನಿರುಪಮಾ ರಾವ್ ಬಂದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಅವರು ಕರ್ನಾಟಕ ವೃಂದದ ಐಎಎಸ್ ಅಧಿಕಾರಿಯ ಪತ್ನಿ. ಮದುವೆಯಾದರೆ ಮನೆಗೆ ಹೋಗಬೇಕೆಂದು ಒಮ್ಮೆ ಮುಚ್ಚಳಿಕೆ ಬರೆಸಿಕೊಂಡಿದ್ದ ಸೇವೆಯ ಅತ್ಯುನ್ನತ ಕುರ್ಚಿಯಲ್ಲಿ ವಿವಾಹಿತೆಯೊಬ್ಬರು ಕುಳಿತದ್ದನ್ನು ವಿರಾಜಪೇಟೆಯ ಆ ಹಿರಿಯ ಜೀವ ಬದುಕಿರುವಾಗಲೇ ಕಂಡಿತು.